ಕಣದಾಗ ಅರಳಿದ ಪಾರಿಜಾತ
ಪರದೆ ಇಲ್ಲ, ಮುಂದು-ಹಿಂದು ಇಲ್ಲ: ಅಕ್ಕಲಕೋಟ ಸೀಮೆಯ ಒಂದು ಆಟದ ಕಥೆ

"ಕೃಷ್ಣ ಪರಮಾತ್ಮ ಜನಕ್ಕ ಬೆನ್ನು ತೋರಿಸಿ ಹಾಡಬೇಕೇನೋ ತಮ್ಮಾ?"

ನಮ್ಮೂರ ಪೇಟಿ ಮಾಸ್ತರರು ಹೀಗೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರಿಗೆ ಎಪ್ಪತ್ತು ದಾಟಿದೆ. ಐವತ್ತು ವರ್ಷ 'ಶ್ರೀಕೃಷ್ಣ ಪಾರಿಜಾತ'ಕ್ಕೆ ಪೇಟಿ ಬಾರಿಸಿದ ಕೈ ಅದು. ಪೇಟಿಯ ಮುಚ್ಚಳ ಹಾಕಿ, ಟವೆಲ್ ಹೆಗಲಿಗೆ ಹಾಕಿ, "ನಾ ಬರಾಂಗಿಲ್ಲ, ನೀವ ಮಾಡ್ಕೋರಿ" ಎಂದು ಎದ್ದು ಹೋದರು. ಇದು ಎರಡು ವರ್ಷದ ಹಿಂದಿನ ಮಾತು.

ಓದುಗ ಬಂಧುಗಳಿಗೆ ನನ್ನ ಪರಿಚಯ ಒಂದೆರಡು ಮಾತಿನಲ್ಲಿ. ಮನೆಮಾತು ತೆಲುಗು, ಊರಮಾತು ಕನ್ನಡ, ಕಚೇರಿಯ ಮಾತು ಮರಾಠಿ. ನಮ್ಮಜ್ಜ ಮಗ್ಗದ ಕೆಲಸಕ್ಕೆಂದು ತೆಲಂಗಾಣದಿಂದ ಸೋಲಾಪುರಕ್ಕೆ ಬಂದವ. ಆಮೇಲೆ ಅಕ್ಕಲಕೋಟ ತಾಲೂಕಿನಲ್ಲಿ ನಾಲ್ಕು ಎಕರೆ ಹೊಲ ಹಿಡಿದು ಒಕ್ಕಲಿಗನಾದ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಅದೇ ಹೊಲಕ್ಕೆ ಇಳಿದೆ. ಬಿತ್ತುವುದು ಜೋಳ, ತೊಗರಿ. ಬರೆಯುವುದು ಎರಡು ಭಾಷೆಯಲ್ಲಿ ಪದ್ಯ.

ಪಾರಿಜಾತ ನಮ್ಮ ಭಾಗದ ಸಂಗೀತ ನಾಟಕ. ಅಪರಾಳ ತಮ್ಮಣ್ಣ ಕಟ್ಟಿದ್ದು, ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ತಿದ್ದಿ ತೀಡಿ ಆಟಕ್ಕೆ ತಂದದ್ದು. ಕೌಜಲಗಿ ನಿಂಗಮ್ಮನಂಥ ಹೆಣ್ಣುಮಗಳು ಅದರಲ್ಲಿ ಹಾಡಿ ಮನೆಮಾತಾದಳು. ಕಥೆ ಎಲ್ಲರಿಗೂ ಗೊತ್ತು. ನಾರದ ಸ್ವರ್ಗದಿಂದ ಒಂದು ಹೂ ತರುತ್ತಾನೆ, ಅದು ರುಕ್ಮಿಣಿಯ ಮುಡಿಗೆ ಹೋಗುತ್ತದೆ, ಸತ್ಯಭಾಮೆ ಮುನಿಯುತ್ತಾಳೆ. ಆಮೇಲೆ ಕೃಷ್ಣನ ಪಾಡು ನೋಡಬೇಕು! ನಡುವೆ ಭಾಗವತ, ದೂತಿ, ಕೊರವಂಜಿ. ಇಡೀ ರಾತ್ರಿ ಹಾಡೇ ಹಾಡು.

ತೆಲುಗಿನವರಿಗೂ ಈ ಕಥೆ ಹೊಸದಲ್ಲ. ಕೃಷ್ಣದೇವರಾಯನ ಆಸ್ಥಾನದ ನಂದಿ ತಿಮ್ಮನ 'ಪಾರಿಜಾತಾಪಹರಣಮು' ಬರೆದ. ಕೂಚಿಪೂಡಿಯವರ 'ಭಾಮಾಕಲಾಪಂ'ನಲ್ಲಿ ಇದೇ ಸತ್ಯಭಾಮೆಯ ಸಿಟ್ಟು, ಸೆಡವು. ನಮ್ಮವ್ವ ತೆಲುಗಿನಲ್ಲಿ ಸತ್ಯಭಾಮೆಯ ಕಥೆ ಹೇಳಿ ಮಲಗಿಸುತ್ತಿದ್ದಳು. ಜಾತ್ರೆಯಲ್ಲಿ ನಾನು ಅದನ್ನೇ ಕನ್ನಡದಲ್ಲಿ ಕೇಳುತ್ತಿದ್ದೆ.

ಸ್ಟೇಜು ಕೈತಪ್ಪಿತು

ಆ ವರ್ಷ ಜಾತ್ರೆಯ ಸ್ಟೇಜನ್ನು ಆರ್ಕೆಸ್ಟ್ರಾದವರಿಗೆ ಕೊಟ್ಟರು. ನಾವೇ ಬೇರೆ ಸ್ಟೇಜು ಹಾಕೋಣವೆಂದರೆ ಮಂಟಪ, ಪರದೆ, ಲೈಟು, ಮೈಕು ಸೇರಿ ಕೇಳಿದ ಬಾಡಿಗೆ ಒಂದು ಎಕರೆ ತೊಗರಿಯ ಹುಟ್ಟುವಳಿಯಷ್ಟು. ಮೇಳದಲ್ಲಿ ಇದ್ದವರು ಹನ್ನೊಂದು ಜನ. ಇಬ್ಬರು ಸೋಲಾಪುರದಲ್ಲಿ ಕೆಲಸಕ್ಕೆ ಸೇರಿದ್ದರು, ಒಬ್ಬ ಪುಣೆಗೆ ಹೊರಟು ನಿಂತಿದ್ದ. ಈ ವರ್ಷ ಆಡದಿದ್ದರೆ ಮುಂದೆ ಆಡುವವರೇ ಇರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಬಾಯಿಬಿಟ್ಟು ಯಾರೂ ಹೇಳಲಿಲ್ಲ.

ಆಗ ನನಗೆ ನಮ್ಮ ಹೊಲದ ಹಳೇ ಕಣ ನೆನಪಾಯಿತು.

ಈಗಿನ ಹುಡುಗರಿಗೆ ಕಣ ಅಂದರೆ ಗೊತ್ತಿಲ್ಲ. ರಾಶಿ ಮಾಡಲು ಮಷಿನ್ ಬಂದಿದೆ. ಮೊದಲು ನೆಲ ಬಡಿದು, ನೀರು ಹೊಡೆದು, ಸಗಣಿ ಸಾರಿಸಿ ದುಂಡಗೆ ಕಣ ಮಾಡುತ್ತಿದ್ದೆವು. ನಡುವೆ ಮೇಟಿ ಕಂಬ. ಅದರ ಸುತ್ತ ಎತ್ತಿನ ಹಂತಿ ತಿರುಗುತ್ತಿತ್ತು. ರಾತ್ರಿಯೆಲ್ಲ ಹಂತಿ ಪದ: ಒಬ್ಬ ಮುಂದೆ ಹೇಳುತ್ತಾನೆ, ಉಳಿದವರು ಹಿಂದೆ ಎತ್ತಿಕೊಳ್ಳುತ್ತಾರೆ. ಹೇಳುವವನು ಎತ್ತಿನ ಹಿಂದೆ ತಿರುಗುತ್ತಲೇ ಇರುತ್ತಾನೆ. ಒಮ್ಮೆ ಅವನ ಮುಖ ಕಾಣುತ್ತದೆ, ಒಮ್ಮೆ ಬೆನ್ನು. ಆದರೆ ಪದ ಯಾರಿಗೂ ಕೇಳದೆ ಉಳಿದದ್ದಿಲ್ಲ.

ಹಾಗಾದರೆ ಪಾರಿಜಾತವನ್ನೂ ಹೀಗೇ ಆಡಿದರೆ? ನಡುವೆ ಆಟ, ನಾಲ್ಕೂ ಕಡೆ ಜನ. ಇದನ್ನು ಹೇಳಿದ್ದಕ್ಕೇ ಮಾಸ್ತರರು ಎದ್ದು ಹೋದದ್ದು.

ಇದು ಹೊಸದೇನಲ್ಲ

ಸುತ್ತ ಜನ ಕೂಡುವ ರಂಗಕ್ಕೆ ಪರದೇಶದಲ್ಲಿ ದೊಡ್ಡ ಹೆಸರಿದೆ. ಅಮೇರಿಕೆಯ ಡಲ್ಲಾಸಿನಲ್ಲಿ ಮಾರ್ಗೋ ಜೋನ್ಸ್ ಎಂಬ ಹೆಣ್ಣುಮಗಳು 1947ರಲ್ಲಿ ಇಂಥ ರಂಗಮಂದಿರ ನಡೆಸಿದಳು. ಇಂಗ್ಲೆಂಡಿನ ಸ್ಕಾರ್‌ಬರೋದಲ್ಲಿ ಸ್ಟೀಫನ್ ಜೋಸೆಫ್ 1955ರಲ್ಲಿ ಲೈಬ್ರರಿಯ ಒಂದು ಕೋಣೆಯಲ್ಲೇ ಶುರು ಮಾಡಿದ. ನಮ್ಮ ದೇಶದಲ್ಲಿ ಬಾದಲ್ ಸರ್ಕಾರರು 1970ರ ದಶಕದಲ್ಲಿ ಸ್ಟೇಜು ಬಿಟ್ಟು ಅಂಗಳಕ್ಕೆ ಇಳಿದರು.

ನಮ್ಮ ಬಯಲಾಟಕ್ಕೆ ಅಟ್ಟ ಕಟ್ಟಿದರೂ ಜನ ಮೂರು ಕಡೆ ಕೂಡುತ್ತಿದ್ದರು. ಎದುರಿಗೆ ಮಾತ್ರ ಕುರ್ಚಿ ಹಾಕುವ ರೂಢಿ ಬಂದದ್ದು ಕಂಪನಿ ನಾಟಕಗಳ ಪರದೆಯ ಜೊತೆಗೆ. ಈ ಕೊಡುಕೊಳ್ಳುವಿಕೆ ಎರಡೂ ಕಡೆಯದು. ಕರ್ನಾಟಕದ ಭಾಗವತರ ಆಟ ನೋಡಿ ಸಾಂಗ್ಲಿಯ ವಿಷ್ಣುದಾಸ ಭಾವೆಯವರು 1843ರಲ್ಲಿ 'ಸೀತಾ ಸ್ವಯಂವರ' ಆಡಿಸಿದರು; ಮರಾಠಿ ರಂಗಭೂಮಿ ಅಲ್ಲಿಂದ ಶುರು. 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಆಮೇಲೆ ಆ ಪರದೆ, ಆ ಠಾಟು ಮರಳಿ ನಮ್ಮ ಹಳ್ಳಿಗೆ ಬಂತು. ಸೋಲಾಪುರದಲ್ಲಿ ಶಾಲೆ ಕಲಿತ ಜಬ್ಬಾರ ಪಟೇಲರು 1972ರಲ್ಲಿ 'ಘಾಶೀರಾಮ ಕೋತವಾಲ' ಮಾಡಿಸಿದಾಗ ಸಾಲಾಗಿ ನಿಂತು ಹಾಡುವ ಮನುಷ್ಯರನ್ನೇ ಪರದೆ ಮಾಡಿದರು. ಅದನ್ನು ಕೇಳಿ ನನಗೂ ಧೈರ್ಯ ಬಂತು: ಬಟ್ಟೆಯ ಪರದೆ ಇಲ್ಲದೆ ಸಂಗೀತ ನಾಟಕ ನಿಲ್ಲುತ್ತದೆ.

ಹಗ್ಗ ಹಿಡಿದು ಅಳೆದೆವು

ಮೇಟಿ ಕಂಬಕ್ಕೆ ಹತ್ತು ಫೂಟಿನ ಹಗ್ಗ ಕಟ್ಟಿ ಸುತ್ತು ಹೊಡೆದೆವು. ಅಡ್ಡಳತೆ ಇಪ್ಪತ್ತು ಫೂಟು, ಅದೇ ರಂಗ. ಆಮೇಲೆ ಕಂಬ ಕಿತ್ತೆವು. ನಾಲ್ಕು ದಿಕ್ಕಿಗೆ ನಾಲ್ಕು ದಾರಿ ಬಿಟ್ಟು, ನಡುವೆ ಜನ ಕೂಡುವ ನಾಲ್ಕು ಪಾಲು ಮಾಡಿದೆವು. ನಾರದ ಪೂರ್ವದ ದಾರಿಯಿಂದ ಬರಬೇಕು, ಕೊರವಂಜಿ ಉತ್ತರದಿಂದ.

ತಾಲೀಮಿನಲ್ಲಿ ಒಂದೊಂದೇ ತೊಡಕು ಎದ್ದಿತು. ಸ್ಟೇಜಿನ ಮೇಲೆ ಹಾಡುವವರು ನಟ್ಟನಡುವೆ ಮುಂದೆ ಬಂದು ನಿಲ್ಲುತ್ತಾರೆ. ಕಣದ ನಡುವೆ ನಿಂತರೆ ಯಾವಾಗಲೂ ಅರ್ಧ ಜನಕ್ಕೆ ಬೆನ್ನು. ಅಂಚಿಗೆ ಹೋಗಿ, ಖಾಲಿ ದಾರಿಗೆ ಬೆನ್ನು ಕೊಟ್ಟು ನಿಂತರೆ ಹೆಚ್ಚಿನವರಿಗೆ ಮುಖ ಕಾಣುತ್ತದೆ. ಕೃಷ್ಣ, ಭಾಮೆ ಹತ್ತಿರ ಹತ್ತಿರ ನಿಂತರೆ ಒಬ್ಬರನ್ನೊಬ್ಬರು ಮರೆ ಮಾಡುತ್ತಾರೆ. ಎದುರುಬದುರು ಅಂಚಿನಲ್ಲಿ ನಿಂತು ಜಗಳಾಡಿದರೆ ಜಗಳವೂ ದೊಡ್ಡದು ಅನ್ನಿಸುತ್ತದೆ.

ರಾತ್ರಿಯಿಡೀ ಆಡುವ ಆಟವನ್ನು ಮೂರು ತಾಸಿಗೆ ತರಬೇಕಿತ್ತು. ಪಲ್ಲವಿಯನ್ನು ಮತ್ತೆ ಮತ್ತೆ ಹೇಳುವುದು ಯಾಕೆ ಎಂದು ನಾನು ಕತ್ತರಿ ಹಾಕಿದೆ. ಮರುದಿನವೇ ಗೊತ್ತಾಯಿತು ತಪ್ಪಾಯಿತೆಂದು. ಪಲ್ಲವಿ ಮರಳಿ ಬಂದಾಗಲೇ ಹಾಡುವವನಿಗೆ ಇನ್ನೊಂದು ಕಡೆ ತಿರುಗಲು ವ್ಯಾಳ್ಯಾ ಸಿಗುತ್ತದೆ. ಪಲ್ಲವಿ ಉಳಿಸಿ, ನಡುವಿನ ಮಾತು ಕಡಿಮೆ ಮಾಡಿದೆವು. ನುಡಿ ಒಂದು ಕಡೆ, ಪಲ್ಲವಿ ಮತ್ತೊಂದು ಕಡೆ, ಥೇಟ್ ಹಂತಿ ಪದದ ಹಾಗೆ.

ಸ್ಟೇಜಿಗೆಂದು ಮಾಡಿದ ಕಾಗದದ ಪಾರಿಜಾತ ಹೂಕೋಸಿನಷ್ಟು ದೊಡ್ಡದಿತ್ತು. ದೂರದಿಂದ ಚೆಂದ, ಮೂರು ಫೂಟಿನಲ್ಲಿ ಕೂತವರಿಗೆ ನಗು. ಅದನ್ನು ಬಿಟ್ಟು ಸೋಲಾಪುರದ ಪೇಟೆಯಿಂದ ಮಲ್ಲಿಗೆ ತಂದೆವು. ಮುಖದ ಬಣ್ಣವನ್ನೂ ತೆಳ್ಳಗೆ ಮಾಡಿದೆವು. ಒಂದು ಕಡೆಗೆ ಹಾಕಿದ ಲೈಟು ಎದುರಿನವರ ಕಣ್ಣು ಕುಕ್ಕುತ್ತಿತ್ತು. ಎಣ್ಣೆ ಡಬ್ಬಿ ಕತ್ತರಿಸಿ ಬಲ್ಬಿಗೆ ತಗಡಿನ ಟೊಪ್ಪಿಗೆ ಹಾಕಿ, ಎತ್ತರದಿಂದ ನೆಲಕ್ಕೆ ಬೀಳುವಂತೆ ಕಟ್ಟಿದೆವು.

ಸತ್ಯಭಾಮೆ ಯಾರು?

ನೆರೆಮನೆಯ ಹುಡುಗಿಗೆ ಒಳ್ಳೆಯ ಕಂಠ. ಸೋಲಾಪುರದಲ್ಲಿ ಬಿ.ಎ. ಓದುತ್ತಾಳೆ. ಆಕೆಯ ಅಜ್ಜಿ ನನ್ನನ್ನು ಕರೆದು ಹೇಳಿದಳು: "ಸ್ಟೇಜಿನ ಮ್ಯಾಲಾದರ ಬೆನ್ನಿಗೆ ಪರದೆ ಇರ್ತದೋ ಯಪ್ಪಾ. ಇಲ್ಲಿ ನಾಕೂ ಕಡೆ ಕಣ್ಣ. ನಮ್ಮ ಹುಡುಗಿ ಹ್ಯಾಂಗ ನಿಲ್ಲಬೇಕ?"

ನಾನು ಸುಮ್ಮನಾದೆ. ಹುಡುಗಿಯೇ ಹೇಳಿದಳು, "ಸ್ಟೇಜಿನ ಮ್ಯಾಲೆ ಕತ್ತಲದಾಗ ಕುಂತವರು ನನ್ನ ನೋಡ್ತಾರ, ನನಗ ಅವರು ಕಾಣಂಗಿಲ್ಲ. ಕಣದಾಗ ನಾನೂ ಅವರನ್ನ ನೋಡ್ತೇನಿ, ಅಜ್ಜಿ. ಎದುರಿನ ಸಾಲಿನಾಗ ನೀ ಕುಂದರು."

ಈ ಮಾತಿನಿಂದ ನನಗೆ ಇನ್ನೊಂದು ಹೊಳೆಯಿತು. ಸ್ಟೇಜಿನ ಮುಂದೆ ಮೊದಲ ಸಾಲು ಯಾವಾಗಲೂ ಪಂಚಾಯತಿಯವರದು, ಸಾಹುಕಾರರದು. ಹೆಂಗಸರು ಹಿಂದೆ, ಇಲ್ಲವೇ ಮಗ್ಗಲಿಗೆ. ಕಣದಲ್ಲಿ ಮುಂದು ಎಂಬುದೇ ಇಲ್ಲ. ನಾಲ್ಕರಲ್ಲಿ ಒಂದು ಪಾಲು ಹೆಂಗಸರಿಗೇ ಬಿಟ್ಟೆವು. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ, ಯಾಕೆಂದರೆ ಯಾವುದು ದೊಡ್ಡ ಜಾಗ ಎಂದು ಯಾರಿಗೂ ತಿಳಿಯಲಿಲ್ಲ!

ನನ್ನ ತಪ್ಪು, ಮಾಸ್ತರರ ದನಿ

ಯುಗಾದಿಯ ಮುಂದಿನ ಒಂದು ರಾತ್ರಿ ಆಟ ಇಟ್ಟೆವು. ಮೈಕು ಒಂದೂ ಇರಲಿಲ್ಲ. ಮಾಸ್ತರರ ಶಿಷ್ಯನೊಬ್ಬ ಪೇಟಿಗೆ ಕೂತ. ಮಾಸ್ತರರೂ ಬಂದರು. ಬಂದು ಪಶ್ಚಿಮದ ಪಾಲಿನಲ್ಲಿ ಜನರ ನಡುವೆ ಕೈಕಟ್ಟಿ ಕೂತರು.

ನಾರದ ಹೂ ಹಿಡಿದು ಒಂದು ಸುತ್ತು ಬಂದ. ಮಲ್ಲಿಗೆಯ ವಾಸನೆ ನಾಲ್ಕೂ ಕಡೆಗೆ ಹೋಯಿತು. ಭಾಮೆ ಮುನಿದು ಹೆಂಗಸರ ಕಡೆ ತಿರುಗಿ ಹಾಡಿದಾಗ ಅಲ್ಲಿಂದ "ಹೌದವ್ವಾ, ಖರೇ ಅದ" ಅನ್ನುವ ದನಿ ಬಂತು.

ಕೆಟ್ಟದ್ದು ಕೊರವಂಜಿಯ ಪ್ರಸಂಗದಲ್ಲಿ. ಕೊರವಂಜಿ ಊರೂರು ತಿರುಗಿದಾಕೆ, ಅವಳ ಬಾಯಲ್ಲಿ ತೆಲುಗು ಇರಲಿ ಎಂದು ನಾನೇ ಉದ್ದನೆಯ ಪದ್ಯ ಬರೆದಿದ್ದೆ. ಸೋಲಾಪುರದಿಂದ ಬಂದ ನಮ್ಮ ನೆಂಟರು ಪೂರ್ವದ ಕಡೆ ಕೂತಿದ್ದರು. ಅವರಿಗೆ ಕೇಳಿಸಬೇಕು ಎಂಬ ನನ್ನ ಹಮ್ಮು. ಅತ್ತ ಮುಖ ಮಾಡಿಯೇ ಹಾಡಲು ನಟನಿಗೆ ಹೇಳಿಕೊಟ್ಟಿದ್ದೆ. ಕಾಲು ತಾಸು ಒಂದೇ ಕಡೆ! ಉಳಿದವರಿಗೆ ಬೆನ್ನು, ಮೇಲೆ ತಿಳಿಯದ ಭಾಷೆ. ಪಶ್ಚಿಮದವರು ಒಬ್ಬೊಬ್ಬರೇ ಎದ್ದು ಚಪ್ಪಲಿ ಹುಡುಕತೊಡಗಿದರು. ನನ್ನ ಎದೆ ಧಸಕ್ ಎಂದಿತು.

ಅಷ್ಟರಲ್ಲಿ ಆ ಕಡೆಯಿಂದಲೇ ಒಂದು ದನಿ ಎದ್ದಿತು. ಮಾಸ್ತರರು ಕೂತಲ್ಲಿಂದಲೇ ಪಲ್ಲವಿ ಎತ್ತಿಕೊಂಡಿದ್ದರು. ಕನ್ನಡದ ಹಳೇ ಪಲ್ಲವಿ, ಅದೇ ಧಾಟಿ. ಕೊರವಂಜಿ ಬೆಚ್ಚಿ ತಿರುಗಿದ. ಪೇಟಿಯ ಹುಡುಗ ಗುರುವಿನ ಸ್ವರ ಹಿಡಿದ. ಮಾಸ್ತರರ ಮಗ್ಗಲು ಕೂತ ಇಬ್ಬರು ಮುದುಕರೂ ದನಿ ಸೇರಿಸಿದರು. ಎದ್ದವರು ನಿಂತರು, ನಿಂತವರು ಕೂತರು. ಆಮೇಲೆ ತೆಲುಗಿನ ಒಂದು ನುಡಿ ಪೂರ್ವಕ್ಕೆ, ಕನ್ನಡದ ಪಲ್ಲವಿ ಪಶ್ಚಿಮದಿಂದ. ಹೀಗೆ ಪ್ರಸಂಗ ದಡ ಮುಟ್ಟಿತು.

ಆಟ ಮುಗಿದ ಮೇಲೆ ನಾನು ಅವರ ಕಾಲು ಮುಟ್ಟಿದೆ. "ಬೆನ್ನು ತೋರಿಸೋದು ತಪ್ಪಲ್ಲೋ ತಮ್ಮಾ," ಅಂದರು. "ಬೆನ್ನು ತೋರಿಸಿ ಮರತುಬಿಡೋದು ತಪ್ಪು. ನಾಳೆ ಪದ್ಯ ತಗೊಂಡು ಬಾ, ಅರ್ಧ ಕಡಿಯೂಣು."

ಅರ್ಧಕ್ಕಿಂತ ಹೆಚ್ಚು ಕಡಿದರು. ನೋವಾಯಿತು, ಸುಳ್ಳು ಯಾಕೆ ಹೇಳಲಿ?

ಸೋಲಾಪುರದ ಮಗ್ಗದ ಅಂಗಳದಲ್ಲಿ

ಎರಡನೆಯ ಆಟ ಸೋಲಾಪುರದ ಪೂರ್ವ ಭಾಗದಲ್ಲಿ, ನನ್ನ ನೆಂಟರ ಮಗ್ಗದ ಕಾರಖಾನೆಯ ಅಂಗಳದಲ್ಲಿ. ಚಾದರು, ಟವೆಲಿನ ಗಂಟುಗಳೇ ಕೂಡುವ ಜಾಗ. ಅಂಗಳ ಚೌಕ, ಹಾಗಾಗಿ ದಾರಿಗಳನ್ನು ನಾಲ್ಕು ಮೂಲೆಗೆ ಬಿಟ್ಟೆವು. ಈ ಸಲ ಪೇಟಿ, ತಬಲಾ ಒಂದು ಅಂಚಿಗೆ. ತಾಳದವರು, ಹಿಂದೆ ಹಾಡುವವರು ಎದುರಿನ ಅಂಚಿಗೆ, ಜನರ ನಡುವೆಯೇ. ತಾಳ ತಪ್ಪದಂತೆ ಭಾಗವತ ಇಬ್ಬರಿಗೂ ಕಾಣುವ ಹಾಗೆ ಓಡಾಡಬೇಕು. ಪೇಟಿಗೆ ಕೂತವರು ಮಾಸ್ತರರೇ.

ಭಾಮೆ ಹಾಡಿದ್ದು ಕನ್ನಡ, ಕೊರವಂಜಿ ತೆಲುಗು, ದೂತಿಯ ಚೇಷ್ಟೆಗೆ ಸ್ವಲ್ಪ ಮರಾಠಿ. ಬೀಡಿ ಕಟ್ಟುವ ಒಬ್ಬ ಮುದುಕಿ ಆಟ ಮುಗಿದ ಮೇಲೆ ಹುಡುಗಿಯ ಗದ್ದ ಹಿಡಿದು ತೆಲುಗಿನಲ್ಲಿ, "ಈ ಭಾಮೆಯನ್ನು ನಾನು ಸಣ್ಣಾಕಿ ಇದ್ದಾಗ ನೋಡಿದ್ದೆ" ಅಂದಳು. ಹುಡುಗಿಗೆ ಭಾಷೆ ತಿಳಿಯಲಿಲ್ಲ. ನಾನು ಹೇಳಿದ ಮೇಲೆ ಅವಳ ಕಣ್ಣು ತುಂಬಿದವು. ಅಜ್ಜಿ ಮೊದಲ ಸಾಲಿನಲ್ಲೇ ಇದ್ದಳು.

ಪುಣೆಗೆ ಹೋಗುವವ ಹೋದ. ಮೇಳ ಈಗ ಹತ್ತು ಜನ. ಎಲ್ಲ ಸರಿಹೋಯಿತು ಅನ್ನಲಾರೆ. ಆದರೆ ಎರಡೂ ಆಟಕ್ಕೆ ಮಂಟಪದ ಬಾಡಿಗೆ ಬೀಳಲಿಲ್ಲ, ಎರಡೂ ಕಡೆ ಮತ್ತೆ ಯಾವಾಗ ಅಂತ ಕೇಳಿದರು.

ನಿಮ್ಮ ಊರಿನಲ್ಲೂ ಒಂದು ಮೇಳ ಇದ್ದು, ಸ್ಟೇಜಿನ ಖರ್ಚಿಗೆ ಹೆದರಿ ಕೂತಿದ್ದರೆ ಒಂದು ಹಗ್ಗ, ಒಂದು ಗೂಟ ತೆಗೆದುಕೊಂಡು ಹೊರಡಿರಿ. ಹತ್ತು ಫೂಟು ಅಳೆಯಿರಿ. ನಾಲ್ಕು ದಾರಿ ಬಿಡಿರಿ. ಪಲ್ಲವಿಗೆ ಕತ್ತರಿ ಹಾಕಬೇಡಿರಿ. ಮತ್ತ ನಿಮ್ಮೂರಾಗೂ ಒಬ್ಬ ಸಿಟ್ಟಿನ ಪೇಟಿ ಮಾಸ್ತರರು ಇದ್ದರ, ಅವರನ್ನ ತಪ್ಪದ ಆಟಕ್ಕ ಕರೀರಿ. ಅವರು ಬರಾಂಗಿಲ್ಲ ಅಂದರೂ ಒಂದು ಚಾಪಿ ಹಾಸಿ ಇಡ್ರಿ.