ಕಡಲು ದಾಟಿದ ಪುಟ್ಟ ವಿಮಾನ

ಜಾತ್ರೆಯಲ್ಲಿ ಮಕ್ಕಳು ಆಟದ ವಿಮಾನ ಬೇಕೆಂದು ಹಟ ಹಿಡಿಯುತ್ತಾರೆ. ಕೊಡಿಸಿದರೆ ಎರಡೇ ದಿನದಲ್ಲಿ ಮುರಿದು ಹಾಕುತ್ತಾರೆ. ಇದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಒಂದು ಪುಟ್ಟ ವಿಮಾನ ದೊಡ್ಡ ಕಡಲನ್ನೇ ದಾಟಿತು. ಅದರೊಳಗೆ ಯಾರೂ ಕೂತಿರಲಿಲ್ಲ. ಅದನ್ನು ಮಾಡಿದವರಿಗೆ ಆಗ 77 ವರ್ಷ. ಅವರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಕಿವಿಯೂ ಮಂದ. ನಂಬೋದು ಕಷ್ಟ, ಅಲ್ಲವೆ? ಆದರೂ ಇದು ನಡೆದ ಸಂಗತಿ. ಹೇಗೆ ನಡೆಯಿತು? ನೋಡೋಣ ಬನ್ನಿ.

ಮಾದರಿ ವಿಮಾನ ಅಂದರೇನು?

ದೊಡ್ಡ ವಿಮಾನದ ಹಾಗೆಯೇ ಹಾರುವ ಚಿಕ್ಕ ವಿಮಾನಕ್ಕೆ ಮಾದರಿ ವಿಮಾನ ಎನ್ನುತ್ತಾರೆ. ಇದಕ್ಕೂ ರೆಕ್ಕೆ, ಬಾಲ, ಎಂಜಿನ್ ಇರುತ್ತವೆ. ಹಾರಿಸುವವರು ನೆಲದ ಮೇಲೆ ನಿಂತಿರುತ್ತಾರೆ. ಅವರ ಕೈಯಲ್ಲಿ ಒಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಎರಡು ಪುಟ್ಟ ಕಡ್ಡಿಗಳು. ಕಡ್ಡಿ ಅಲುಗಿಸಿದರೆ ಪೆಟ್ಟಿಗೆಯಿಂದ ರೇಡಿಯೋ ಅಲೆಗಳು ಹೊರಡುತ್ತವೆ. ನಮ್ಮ ರೇಡಿಯೋದಲ್ಲಿ ಹಾಡು ಕೇಳಿಬರುವುದೂ ಇಂಥ ಅಲೆಗಳಿಂದಲೇ.

ವಿಮಾನದೊಳಗಿನ ಯಂತ್ರ ಆ ಅಲೆಗಳನ್ನು ಹಿಡಿಯುತ್ತದೆ. ಆಗ ಸಣ್ಣ ಮೋಟಾರುಗಳು ಬಾಲದ ಪಟ್ಟಿಗಳನ್ನು ತಿರುಗಿಸುತ್ತವೆ. ನಿಂತ ಪಟ್ಟಿ ತಿರುಗಿದರೆ ವಿಮಾನ ಎಡಕ್ಕೋ ಬಲಕ್ಕೋ ಹೋಗುತ್ತದೆ. ಮಲಗಿದ ಪಟ್ಟಿ ತಿರುಗಿದರೆ ಮೇಲಕ್ಕೋ ಕೆಳಕ್ಕೋ ಹೋಗುತ್ತದೆ.

ತೂಕವೇ ಮೊದಲ ಸಮಸ್ಯೆ

ಅಮೆರಿಕದಲ್ಲಿ ಮೇನಾರ್ಡ್ ಹಿಲ್ ಎಂಬ ನಿವೃತ್ತ ಎಂಜಿನಿಯರ್ ಇದ್ದರು. ಅಟ್ಲಾಂಟಿಕ್ ಸಾಗರವನ್ನು ಮಾದರಿ ವಿಮಾನ ದಾಟಬೇಕು ಎಂಬುದು ಅವರ ಆಸೆ. ಕೆನಡಾ ದೇಶದ ದಡದಿಂದ ಐರ್ಲೆಂಡ್ ದೇಶದ ದಡಕ್ಕೆ 3,000 ಕಿಲೋಮೀಟರಿಗೂ ಹೆಚ್ಚು ದೂರ. ನಡುವೆ ಬರೀ ನೀರು. ಇಳಿದು ಎಣ್ಣೆ ತುಂಬಿಸಲು ಜಾಗವೇ ಇಲ್ಲ.

ಹಾಗಾದರೆ ಹೆಚ್ಚು ಎಣ್ಣೆ ತುಂಬಿಸಿ ಕಳಿಸಬಹುದಲ್ಲ ಎನ್ನುತ್ತೀರಾ? ಆಗದು. ದಾಖಲೆಗೆ ಒಂದು ನಿಯಮವಿತ್ತು. ಎಣ್ಣೆಯೂ ಸೇರಿ ವಿಮಾನದ ತೂಕ 5 ಕಿಲೋ ಮೀರಬಾರದು. ಎಣ್ಣೆಗೆ ಜಾಗ ಬೇಕಾದರೆ ವಿಮಾನವೇ ಹಗುರ ಆಗಬೇಕು.

ಅದಕ್ಕೇ ಅವರು ಬಾಲ್ಸಾ ಎಂಬ ಮರ ಬಳಸಿದರು. ಅದು ನಮ್ಮ ಬೂರುಗದ ಮರದ ದೂರದ ಬಳಗ. ಬಹಳ ಹಗುರ. ಅದರ ಕಡ್ಡಿಗಳನ್ನು ಅಂಟಿಸಿ ರೆಕ್ಕೆಯ ಹಂದರ ಕಟ್ಟಿದರು. ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹೊದಿಸಿದರು. ರೆಕ್ಕೆಯ ಅಗಲ ಸುಮಾರು 6 ಅಡಿ. ಎಣ್ಣೆ ತುಂಬಿಸಿದ ಮೇಲೆ, ಒಟ್ಟು ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಎಣ್ಣೆಯೇ!

ಇನ್ನೊಂದು ವಿಷಯ ಇದೆ. ತೂಕ ಸರಿಯಾದ ಜಾಗದಲ್ಲಿ ಇರಬೇಕು. ಬೇಕಾದರೆ ನೀವೇ ನೋಡಿ. ಒಂದು ಕಾಗದದ ವಿಮಾನ ಮಾಡಿ. ಮೂತಿಗೆ ಒಂದು ಗುಂಡುಸೂಜಿ ಸಿಕ್ಕಿಸಿ ಹಾರಿಬಿಡಿ. ನೆಟ್ಟಗೆ ಹೋಗುತ್ತದೆ. ಅದೇ ಸೂಜಿಯನ್ನು ಬಾಲಕ್ಕೆ ಸಿಕ್ಕಿಸಿ. ಮೂತಿ ಮೇಲೆತ್ತಿ ದೊಪ್ಪನೆ ಬೀಳುತ್ತದೆ. ಹಾರುತ್ತಾ ಹಾರುತ್ತಾ ಎಣ್ಣೆ ಖಾಲಿಯಾಗುತ್ತದೆ, ತೂಕ ಕಡಿಮೆಯಾಗುತ್ತದೆ. ಆಗಲೂ ವಿಮಾನ ವಾಲಬಾರದು. ಆದ್ದರಿಂದ ಎಣ್ಣೆಯ ತೊಟ್ಟಿ ನಡುವೆ, ರೆಕ್ಕೆಯ ಹತ್ತಿರವೇ ಇರಬೇಕು.

ಎಂಜಿನ್ ಬದಲಾಯಿಸಿದ್ದು ಹೇಗೆ?

ಅಂಗಡಿಯಲ್ಲಿ ಸಿಗುವ ಮಾದರಿ ಎಂಜಿನ್ನಿಗೆ ಸಾಮಾನ್ಯವಾಗಿ ಮೆಥನಾಲ್ ಎಂಬ ಸ್ಪಿರಿಟ್ ಹಾಕುತ್ತಾರೆ. ಎಂಜಿನ್ ಸವೆಯಬಾರದೆಂದು ಅದಕ್ಕೆ ಹರಳೆಣ್ಣೆ ಬೆರೆಸುವುದೂ ಉಂಟು. ಹೌದು, ನಾವು ತಲೆಗೆ ಹಚ್ಚುವ ಹರಳೆಣ್ಣೆಯೇ! ಆದರೆ ಈ ಸ್ಪಿರಿಟ್ ಬೇಗ ಖರ್ಚಾಗುತ್ತದೆ. ಒಂದು ಕಿಲೋ ಪೆಟ್ರೋಲು ಕೊಡುವ ಶಕ್ತಿಯಲ್ಲಿ ಇದು ಕೊಡುವುದು ಅರ್ಧದಷ್ಟೇ.

ಹಿಲ್ ಅವರು ಶಿಬಿರಗಳಲ್ಲಿ ದೀಪ ಉರಿಸಲು ಬಳಸುವ ಎಣ್ಣೆ ಹಾಕಿದರು. ಅದು ಪೆಟ್ರೋಲಿನ ಜಾತಿಯದು. ಅದನ್ನು ಹೊತ್ತಿಸಲು ಕಿಡಿ ಬೇಕು. ಅದಕ್ಕಾಗಿ ಬೈಕಿನಲ್ಲಿ ಇರುವಂತೆ ಕಿಡಿ ಹಾರಿಸುವ ವ್ಯವಸ್ಥೆ ಮಾಡಿದರು. ಎಣ್ಣೆ ಚೂರು ಚೂರೇ ಒಳಗೆ ಹೋಗುವಂತೆ ಸರಿಪಡಿಸಿದರು. ಎಂಜಿನ್ ಎಷ್ಟು ದೊಡ್ಡದು? ಬರೀ 10 ಸಿ.ಸಿ. ಮೊಪೆಡ್ಡಿನ ಎಂಜಿನ್ನೇ 50 ಸಿ.ಸಿ. ಇರುತ್ತದೆ! ಕೊನೆಗೆ ಗಂಟೆಗೆ ಸುಮಾರು 60 ಗ್ರಾಂ ಎಣ್ಣೆ ಸಾಕಾಯಿತು. ಅಂದರೆ ಒಂದು ಟೀ ಲೋಟದಷ್ಟು.

ದಾರಿ ತೋರಿಸುವವರು ಯಾರು?

ಕೈಪೆಟ್ಟಿಗೆಯ ಅಲೆಗಳು ಕಡಲಿನ ನಡುವಿಗೆ ತಲುಪುವುದಿಲ್ಲ. ಅದಕ್ಕೆ ವಿಮಾನದೊಳಗೇ ಒಂದು ಪುಟ್ಟ ಕಂಪ್ಯೂಟರ್ ಇಟ್ಟರು. ಆಕಾಶದ ಉಪಗ್ರಹಗಳ ಸಂಕೇತದಿಂದ ತಾನು ಎಲ್ಲಿದ್ದೇನೆ ಎಂದು ಅದು ತಿಳಿಯುತ್ತಿತ್ತು. ಈಗ ಮೊಬೈಲು ದಾರಿ ತೋರಿಸುವುದೂ ಹೀಗೆಯೇ. ಏರುವಾಗ, ಇಳಿಯುವಾಗ ಮಾತ್ರ ಮನುಷ್ಯರು ನಡೆಸಬೇಕು.

ನಾಲ್ಕು ಸಲ ಸೋಲು

ಹಿಲ್ ಅವರು ಒಬ್ಬರೇ ಇರಲಿಲ್ಲ. ಗೆಳೆಯರ ಒಂದು ತಂಡವೇ ದುಡಿಯಿತು. ಬೀಚರ್ ಬಟ್ಸ್ ಎಂಬುವರು ವಿಮಾನ ಹಾರಿಸಿ ನೋಡಲು ತಮ್ಮ ಹೊಲ ಬಿಟ್ಟುಕೊಟ್ಟರು. ಕಣ್ಣು ಕಾಣದ ಕಡೆ ಹಿಲ್ ಅವರು ಕೈಯಿಂದ ಸವರಿ ನೋಡಿ ಕೆಲಸ ಮಾಡಿದರು.

2002ರಲ್ಲಿ ಮೊದಲ ವಿಮಾನಗಳನ್ನು ಬಿಟ್ಟರು. ಒಂದೂ ಆಚೆ ದಡ ಮುಟ್ಟಲಿಲ್ಲ. 2003ರ ಆಗಸ್ಟಿನಲ್ಲಿ ನಾಲ್ಕನೆಯದನ್ನು ಬಿಟ್ಟರು. ಅದೂ ಹೋಯಿತು. ಎಷ್ಟೋ ದಿನದ ದುಡಿಮೆ ನೀರುಪಾಲು. ಇನ್ನು ಸಾಕಪ್ಪಾ ಎನ್ನಬಹುದಿತ್ತು. ಅವರು ಹಾಗೆನ್ನಲಿಲ್ಲ.

2003ರ ಆಗಸ್ಟ್ 9, ಸಂಜೆ. ಕೆನಡಾದ ಕೇಪ್ ಸ್ಪಿಯರ್ ಎಂಬಲ್ಲಿ ಐದನೆಯ ವಿಮಾನವನ್ನು ಕೈಯಿಂದಲೇ ತೂರಿಬಿಟ್ಟರು. ಅದು ಏರಿತು. ಕಡಲಿನ ಮೇಲೆ ಹೊರಟಿತು. ರಾತ್ರಿ ಕಳೆಯಿತು, ಹಗಲು ಕಳೆಯಿತು. ನಡುವೆ ಕೆಲವು ಗಂಟೆ ಅದರ ಸುದ್ದಿಯೇ ಬರಲಿಲ್ಲ. ಇದೂ ಮುಳುಗಿತೇ? ಎಲ್ಲರಿಗೂ ಆತಂಕ. ಆಮೇಲೆ ಮತ್ತೆ ಸುದ್ದಿ ಬಂತು. ವಿಮಾನ ಹಾರುತ್ತಲೇ ಇತ್ತು!

ಆಗಸ್ಟ್ 11ರ ಮಧ್ಯಾಹ್ನ ಐರ್ಲೆಂಡಿನ ಮ್ಯಾನಿನ್ ಎಂಬ ಕಡಲ ತೀರದಲ್ಲಿ ಗೆಳೆಯರು ಕಾಯುತ್ತಿದ್ದರು. ದೂರದಲ್ಲಿ ಒಂದು ಚುಕ್ಕೆ ಕಂಡಿತು. ಡೇವ್ ಬ್ರೌನ್ ಎಂಬುವರು ಕೈಪೆಟ್ಟಿಗೆ ಹಿಡಿದು ಅದನ್ನು ನೆಲಕ್ಕಿಳಿಸಿದರು. 38 ಗಂಟೆ 52 ನಿಮಿಷದ ಹಾರಾಟ. ಸುಮಾರು 3,030 ಕಿಲೋಮೀಟರ್. ತೊಟ್ಟಿಯಲ್ಲಿ ಉಳಿದ ಎಣ್ಣೆ ಒಂದು ಲೋಟದಷ್ಟೂ ಇರಲಿಲ್ಲ.

1919ರಲ್ಲಿ ಅಲ್ಕಾಕ್ ಮತ್ತು ಬ್ರೌನ್ ಎಂಬ ಇಬ್ಬರು ಮೊದಲ ಬಾರಿಗೆ ಎಲ್ಲೂ ನಿಲ್ಲದೆ ವಿಮಾನದಲ್ಲಿ ಈ ಸಾಗರ ದಾಟಿದ್ದರು. ಅವರು ಇಳಿದದ್ದೂ ಅದೇ ಸೀಮೆಯಲ್ಲಿ.

ಈ ಪುಟ್ಟ ವಿಮಾನಕ್ಕೆ ಏನು ಹೆಸರಿಟ್ಟರು ಗೊತ್ತೆ? ದೊಡ್ಡವರ ಹೆಸರಲ್ಲ, ಊರಿನ ಹೆಸರೂ ಅಲ್ಲ. ಜಾಗ ಕೊಟ್ಟ ಆ ಹೊಲದ ಹೆಸರು: 'ಬಟ್ಸ್ ಹೊಲದ ಚೇತನ'.

ಹಿಲ್ ಅವರು 2011ರಲ್ಲಿ ತೀರಿಕೊಂಡರು. ನಾವು ಅಕ್ಷರ ಕಲಿಯಲು ಕುಳಿತಾಗ ಮೊದಲ ಗೆರೆ ಸೊಟ್ಟಗೆ ಬಂತು. ಅಳಿಸಿದೆವು, ಮತ್ತೆ ಬರೆದೆವು. ಅವರು ಮಾಡಿದ್ದೂ ಅದನ್ನೇ. ಪ್ರತಿ ಸೋಲಿನ ನಂತರ ತಪ್ಪು ಎಲ್ಲಿ ಎಂದು ಹುಡುಕಿದರು. ತಿದ್ದಿದರು. ಮತ್ತೆ ಹಾರಿಸಿದರು.