ಹತ್ತಡಿ ದೂರದ ಆಟ

ರಾತ್ರಿ ಆಟಕ್ಕೆ ಹೋಗಿ ಕೂರಲು ಅಮ್ಮನ ಮೊಣಕಾಲು ಈಗ ಬಿಡುವುದಿಲ್ಲ. ಕಾಲಮಿತಿ ಯಕ್ಷಗಾನದ ನೇರಪ್ರಸಾರವಿದ್ದ ದಿನ ನನ್ನ ಫೋನನ್ನೇ ಸ್ಟೂಲಿನ ಮೇಲೆ ಒರಗಿಸಿ ಹಾಕಿಕೊಡುತ್ತಿದ್ದೆ. ನಾಲ್ಕು ಗಂಟೆಯ ಆಟ ಮುಗಿದರೂ ದಿನದ 2 ಜಿಬಿ ಮುಗಿಯುತ್ತಿರಲಿಲ್ಲ. ವೇಷದ ಮುಖ ಉಗುರಿನಷ್ಟೇ ಕಾಣುತ್ತದೆ ಎಂದು ಅಮ್ಮ ಅಂದದ್ದರಿಂದ ಒಂದು ರಾತ್ರಿ ಹಾಟ್‌ಸ್ಪಾಟ್ ಆನ್ ಮಾಡಿ, ಅದೇ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಒಡ್ಡೋಲಗ ಮುಗಿದು ಪ್ರಸಂಗ ಕುದುರುವಷ್ಟರಲ್ಲಿ ಚಿತ್ರ ನಿಂತಿತು. ಗಂಟೆಯೂ ಆಗಿರಲಿಲ್ಲ. ಅದೇ ಸಿಮ್, ಅದೇ ಟವರ್, ಅದೇ ಮೇಳ.

ಟವರ್‌ಗೆ ಪರದೆ ಚಿಕ್ಕದೋ ದೊಡ್ಡದೋ ಗೊತ್ತಿರುವುದಿಲ್ಲ. 4ಜಿ ಟವರ್ ಪ್ರತಿ ಮಿಲಿಸೆಕೆಂಡಿಗೊಮ್ಮೆ ತನ್ನ ರೇಡಿಯೊ ತರಂಗಗಳ ಪಾಲನ್ನು ಸುತ್ತಲಿನ ಫೋನುಗಳಿಗೆ ಹಂಚುತ್ತದೆ. ಕೇಳಿದವರಿಗೆ ಕೇಳಿದಷ್ಟು ಬಿಟ್‌ಗಳನ್ನು ಕೊಡಲು ನೋಡುತ್ತದೆ, ಅಷ್ಟೆ. ಹೆಚ್ಚು ಕೇಳಿದ್ದು ಯಾರು ಎಂದು ತಿಳಿಯಲು ವಿಡಿಯೊ ಪ್ಲೇಯರ್‌ನ ಒಳಗೆ ಇಣುಕಬೇಕು.

ವಿಡಿಯೊವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ 240, 360, 480, 720, 1080 ಸಾಲುಗಳ ಬೇರೆ ಬೇರೆ ದರ್ಜೆಗಳಲ್ಲಿ ಸರ್ವರ್‌ನಲ್ಲಿ ಇಟ್ಟಿರುತ್ತಾರೆ. ಮುಂದಿನ ತುಂಡು ಯಾವ ದರ್ಜೆಯದಾಗಬೇಕು ಎಂದು ಆರಿಸುವುದು ನಮ್ಮ ಯಂತ್ರದಲ್ಲಿರುವ ಪ್ಲೇಯರ್. ಹಿಂದಿನ ತುಂಡು ಎಷ್ಟು ಬೇಗ ಬಂತು, ತುಂಬಬೇಕಾದ ಪರದೆ ಎಷ್ಟು ದೊಡ್ಡದು ಎಂಬುದನ್ನು ಅದು ನೋಡುತ್ತದೆ. ಫೋನಿನ ಆ್ಯಪ್‌ಗೆ ಇನ್ನೊಂದು ವಿಷಯವೂ ತಿಳಿದಿರುತ್ತದೆ: ಈಗ ಓಡುತ್ತಿರುವುದು ಮೊಬೈಲ್ ಡೇಟಾ. ಹಲವು ಆ್ಯಪ್‌ಗಳು ಆಗ ತಾವಾಗಿಯೇ ಕೈ ಬಿಗಿಹಿಡಿಯುತ್ತವೆ.

ಹಾಟ್‌ಸ್ಪಾಟ್ ಹಾಕಿದೊಡನೆ ಫೋನೇ ಒಂದು ರೂಟರ್ ಆಗಿಬಿಡುತ್ತದೆ. ಲ್ಯಾಪ್‌ಟಾಪ್‌ಗೆ ಕಾಣುವುದು ಬರಿಯ ವೈಫೈ. ಅದರಾಚೆ ಅಳೆದು ಸುರಿದ 2 ಜಿಬಿ ಮಾತ್ರ ಇದೆ ಎಂದು ಪಾಪ, ಅದಕ್ಕೆ ಸಾಮಾನ್ಯವಾಗಿ ಯಾರೂ ಹೇಳಿರುವುದಿಲ್ಲ. ಮನೆಯ ಬ್ರಾಡ್‌ಬ್ಯಾಂಡ್ ಎಂದೇ ನಂಬಿ ಮೇಲಿನ ದರ್ಜೆ ಕೇಳುತ್ತದೆ. ಇದೇ ಸಮಯವೆಂದು ಹಿಂದುಗಡೆ ಅಪ್‌ಡೇಟ್, ಫೋಟೊ ಬ್ಯಾಕಪ್ ಕೂಡ ಶುರುಮಾಡಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಆ ವೈಫೈಯನ್ನು ‘ಮೀಟರ್ಡ್’ ಎಂದು ಗುರುತು ಹಾಕಿದರೆ ಇಂಥ ಹಿನ್ನೆಲೆಯ ಕೆಲಸ ಬಹಳಷ್ಟು ತಗ್ಗುತ್ತದೆ. ಬ್ರೌಸರ್‌ನಲ್ಲಿ ಓಡುವ ವಿಡಿಯೊದ ದರ್ಜೆಯನ್ನಂತೂ ಕೈಯಾರೆ ಇಳಿಸುವುದೇ ಖಚಿತ.

ಲೆಕ್ಕ ಹಾಕಿ ನೋಡೋಣ. 1080 ಸಾಲಿನ ವಿಡಿಯೊ ಸೆಕೆಂಡಿಗೆ 5 ಮೆಗಾಬಿಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ 2 ಜಿಬಿ ಬರುವುದು 53 ನಿಮಿಷ. 480 ಸಾಲಿನದು 1 ಮೆಗಾಬಿಟ್ ಎಂದುಕೊಂಡರೆ ನಾಲ್ಕೂವರೆ ಗಂಟೆಗೆ ಮೂರ್ನಾಲ್ಕು ನಿಮಿಷ ಕಡಿಮೆ. ಒಂದರಲ್ಲಿ ಒಡ್ಡೋಲಗ, ಇನ್ನೊಂದರಲ್ಲಿ ಇಡೀ ಪ್ರಸಂಗ. 480ರ ಒಂದು ಚಿತ್ರದಲ್ಲಿ ಸುಮಾರು 4.1 ಲಕ್ಷ ಚುಕ್ಕಿ, 1080ರಲ್ಲಿ 20.7 ಲಕ್ಷ. ಎಲ್ಲ ಚುಕ್ಕಿಗಳನ್ನೂ ಪ್ರತಿ ಸಲ ಕಳಿಸುವುದಿಲ್ಲ, ಹೆಚ್ಚಾಗಿ ಹಿಂದಿನ ಚಿತ್ರಕ್ಕಿಂತ ಬದಲಾದದ್ದನ್ನಷ್ಟೇ ಕಳಿಸುತ್ತಾರೆ. ಕುಳಿತು ಅರ್ಥ ಹೇಳುವ ತಾಳಮದ್ದಳೆಗೆ ಅದಕ್ಕೇ ಕಡಿಮೆ ಬಿಟ್‌ಗಳು ಸಾಕು. ವೇಷಧಾರಿ ಗಿರಕಿ ಹೊಡೆಯತೊಡಗಿದರೆ ಕಿರೀಟದ ಮಿನುಗು, ಬಟ್ಟೆಯ ನೆರಿಗೆ ಎಲ್ಲವೂ ಕ್ಷಣಕ್ಷಣವೂ ಹೊಸದು. ಅಲ್ಲಿ ಬಿಟ್‌ಗಳು ಸುರಿಯಬೇಕಾಗುತ್ತದೆ.

ನನಗೆ ಅತ್ಯಂತ ಮುಖ್ಯವೆನಿಸಿದ್ದು ಈ ಲೆಕ್ಕದಲ್ಲಿ ಸೇರಿರದ ಕಣ್ಣು. ಆರೋಗ್ಯವಂತ ಕಣ್ಣು ಬೇರೆ ಬೇರೆಯಾಗಿ ಗುರುತಿಸಬಲ್ಲ ಅತಿ ಕಿರಿದಾದ ಕೋನ ಸುಮಾರು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. 35 ಸೆಂಟಿಮೀಟರ್ ದೂರದಲ್ಲಿ ಅಡ್ಡ ಹಿಡಿದ ಫೋನಿನಲ್ಲಿ 680ರ ಆಸುಪಾಸಿನ ಸಾಲುಗಳನ್ನು ಅದು ಬಿಡಿಸಿ ನೋಡೀತು. 15.6 ಇಂಚಿನ ಲ್ಯಾಪ್‌ಟಾಪ್‌ನ ಪರದೆಯ ಎತ್ತರ 19 ಸೆಂಟಿಮೀಟರ್‌ಗಿಂತ ತುಸು ಹೆಚ್ಚು. ಎರಡಡಿ ದೂರದಲ್ಲಿ ಕೂತರೆ ಸುಮಾರು 1,100 ಸಾಲು. ಮೇಜಿನ ಮುಂದೆ ಕೂತು ನೋಡುವವರಿಗೆ 1080 ಸಾರ್ಥಕ. ಅಮ್ಮನ ಆರಾಮಕುರ್ಚಿ ಇದ್ದದ್ದು ಹತ್ತಡಿ ಆಚೆ. ಅಲ್ಲಿಂದ ಒಳ್ಳೆಯ ಕಣ್ಣಿಗೂ ದಕ್ಕುವುದು 220 ಸಾಲು! ಉಳಿದ ಎಂಟುನೂರಕ್ಕೂ ಹೆಚ್ಚು ಸಾಲುಗಳನ್ನು ನಮ್ಮ ಗುಡ್ಡದ ಟವರ್ ಯಾರ ಕಣ್ಣಿಗೂ ಬೀಳದ ವಿವರವಾಗಿ ಸಾಗಿಸುತ್ತಿತ್ತು, ಅದೂ ಸುತ್ತಲಿನ ನಾಲ್ಕಾರು ಮನೆಯವರ ಪಾಲಿನ ವೇಗವನ್ನು ಕಿತ್ತುಕೊಂಡು. 2020ರ ಮಾರ್ಚ್‌ನ ಲಾಕ್‌ಡೌನ್‌ನಲ್ಲಿ ದೇಶದ ವಿಡಿಯೊ ಕಂಪನಿಗಳು ಮೊಬೈಲ್ ಜಾಲದ ಮೇಲೆ ಚಿತ್ರವನ್ನು 480ಕ್ಕೆ ಇಳಿಸಲು ಒಪ್ಪಿದ್ದು ಇಂಥ ಹಂಚಿಕೆಯ ಇಕ್ಕಟ್ಟು ತಪ್ಪಿಸಲೆಂದೇ.

ಮುಂದಿನ ಆಟದ ದಿನ ಪ್ಲೇಯರ್‌ನಲ್ಲಿ 480ನ್ನು ಖಾಯಂ ಮಾಡಿದೆ. ಸ್ಟೂಲನ್ನು ಕುರ್ಚಿಯಿಂದ ಐದಡಿಗೆ ಎಳೆದು ತಂದೆ. ಆ ದೂರಕ್ಕೆ ಕಣ್ಣಿಗೆ ದಕ್ಕುವ ಸಾಲುಗಳು 440. ಚಿತ್ರ ಮೊದಲಿನ ಇಮ್ಮಡಿ ದೊಡ್ಡದಾಗಿ ಕಂಡಿತು. ಬಣ್ಣದ ವೇಷ ರಂಗಕ್ಕೆ ಬಂದಾಗ ಅಮ್ಮ ಅದರ ಮುಖದ ಚುಟ್ಟಿಯನ್ನು ನನಗೇ ಬೊಟ್ಟು ಮಾಡಿ ತೋರಿಸಿದರು. ಮಂಗಳ ಮುಗಿದಾಗ ಪ್ಯಾಕ್‌ನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು.