ಮಂಟಪ ತಪ್ಪಿದ ಗಾಂಧಿ

2020ರ ಸೆಪ್ಟೆಂಬರ್ 22. ದೆಹಲಿಯಲ್ಲಿ ಆಗಷ್ಟೇ ಬೆಳಗಾಗಿತ್ತು. ರಾಜ್ಯಸಭೆಯ ಉಪಸಭಾಪತಿ ಹರಿವಂಶ್ ಅವರು ಜೋಳಿಗೆಯಲ್ಲಿ ಚಹಾ ಇಟ್ಟುಕೊಂಡು ಸಂಸತ್ ಭವನದ ಹುಲ್ಲುಹಾಸಿಗೆ ಬಂದರು. ಅಲ್ಲಿ ಎಂಟು ಮಂದಿ ರಾಜ್ಯಸಭಾ ಸದಸ್ಯರು ದಿಂಬು, ಹೊದಿಕೆ ತರಿಸಿಕೊಂಡು ರಾತ್ರಿಯಿಡೀ ಬಯಲಲ್ಲೇ ಕಳೆದಿದ್ದರು. ಹಿಂದಿನ ಭಾನುವಾರ ಕೃಷಿ ಮಸೂದೆಗಳನ್ನು ಧ್ವನಿಮತಕ್ಕೆ ಹಾಕಿ ಅಂಗೀಕರಿಸಿದಾಗ ಸದನದಲ್ಲಿ ದೊಡ್ಡ ಗದ್ದಲವಾಗಿ, ಸೋಮವಾರ ಈ ಎಂಟೂ ಜನ ಅಮಾನತಾಗಿದ್ದರು. ಭಾನುವಾರ ಪೀಠದಲ್ಲಿ ಕೂತಿದ್ದವರು ಇದೇ ಹರಿವಂಶ್. ಜಯಪ್ರಕಾಶ ನಾರಾಯಣರ ಊರಾದ ಸಿತಾಬ್ ದಿಯಾರಾದವರು, ಹಳೆಯ ಪತ್ರಕರ್ತರು. ಧರಣಿ ಕೂತವರಿಗೆ ಚಹಾ ಕೊಡಬೇಕೆನ್ನುವುದು ಅವರಿಗೆ ತೋಚಿದ್ದರಲ್ಲಿ ಆಶ್ಚರ್ಯವಿಲ್ಲ. ಕೂತವರು ಮಾತಾಡಿಸಿದರು, ಚಹಾ ಮಾತ್ರ ಮುಟ್ಟಲಿಲ್ಲ. ಹರಿವಂಶ್ ಹಿಂತಿರುಗಿ ಹೋಗಿ, ತಾವೂ ಒಂದು ದಿನದ ಉಪವಾಸ ಮಾಡುವುದಾಗಿ ಪ್ರಕಟಿಸಿದರು. ಆ ಎಂಟು ಜನರಲ್ಲಿ ಒಬ್ಬರು ನಮ್ಮ ಬಳ್ಳಾರಿಯ ಸೈಯದ್ ನಾಸಿರ್ ಹುಸೇನ್.

ಧರಣಿ, ಉಪವಾಸ, ಎದುರಾಳಿಗೆ ಉಪಚಾರ, ಅದರ ನಿರಾಕರಣೆ. ಎರಡೂ ಕಡೆಯವರು ಬಳಸಿದ್ದು ಗಾಂಧಿಯ ಪಟ್ಟುಗಳನ್ನೇ. ಇಷ್ಟೂ ನಡೆದದ್ದು ಕಂಚಿನ ಗಾಂಧಿಯ ಎದುರಿಗೆ. ಹದಿನಾರು ಅಡಿಯ ಪ್ರತಿಮೆ ಅದು. ಕಾಲು ಮಡಚಿ ಧ್ಯಾನಕ್ಕೆ ಕೂತ ಗಾಂಧಿ. ಹೊರಗೆ ಧರಣಿ ಕೂರಬೇಕೆನಿಸಿದ ಸಂಸದ ಯಾವ ಪಕ್ಷದವನಾದರೂ ನೇರ ಅಲ್ಲಿಗೇ ಹೋಗುತ್ತಿದ್ದ. ಈ ಪ್ರತಿಮೆಯನ್ನು ಅಲ್ಲಿ ತಂದಿಟ್ಟವರು ಯಾರು, ಯಾವಾಗ ಎಂದು ಹುಡುಕುತ್ತ ಹೋದರೆ ದಾರಿ ಸಂಸತ್ತಿನಲ್ಲಿ ನಿಲ್ಲುವುದಿಲ್ಲ, ಇಂಡಿಯಾ ಗೇಟಿನ ಬಳಿ ಬಹುಕಾಲ ಖಾಲಿಯಿದ್ದ ಒಂದು ಮಂಟಪಕ್ಕೆ ಹೋಗಿ ಮುಟ್ಟುತ್ತದೆ.

ಇಂಡಿಯಾ ಗೇಟಿನ ಹಿಂದಿರುವ ಆ ಕಲ್ಲಿನ ಮಂಟಪ 1936ರದ್ದು, ಲುಟಿಯೆನ್ಸ್ ವಿನ್ಯಾಸ. ಆಗಷ್ಟೇ ತೀರಿಕೊಂಡಿದ್ದ ಐದನೇ ಜಾರ್ಜ್ ದೊರೆಯ ಸ್ಮಾರಕಕ್ಕೆಂದು ಕಟ್ಟಿದ್ದು. ಅದರೊಳಗೆ ಅಮೃತಶಿಲೆಯ ಜಾರ್ಜ್ ಕಿರೀಟ, ನಿಲುವಂಗಿ ತೊಟ್ಟು ನಿಂತಿದ್ದ. 1947 ಬಂತು, ಹೋಯಿತು. ಧ್ವಜ ಇಳಿಯಿತು, ವೈಸ್‌ರಾಯ್ ಮನೆ ರಾಷ್ಟ್ರಪತಿ ಭವನವಾಯಿತು. ದೊರೆ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಪ್ರತಿವರ್ಷ ಜನವರಿ 26ರ ಮೆರವಣಿಗೆ ಆಸುಪಾಸಿನಲ್ಲೇ ಸಾಗಿದರೂ ಅವನನ್ನು ಎಲ್ಲಿಗೆ ಕಳಿಸಬೇಕೆಂಬುದು ಯಾರಿಗೂ ಇತ್ಯರ್ಥವಾಗಲಿಲ್ಲ.

ಇತ್ಯರ್ಥ ಮಾಡಲು ಹೊರಟವರು ಸಂಯುಕ್ತ ಸಮಾಜವಾದಿ ಪಕ್ಷದ ಕಾರ್ಯಕರ್ತರು. 1965ರ ಆಗಸ್ಟ್ 13ರಂದು, ಸ್ವಾತಂತ್ರ್ಯೋತ್ಸವಕ್ಕೆ ಎರಡು ದಿನ ಮುಂಚೆ, ಕಾವಲಿದ್ದ ಇಬ್ಬರು ಪೊಲೀಸರನ್ನು ಮಣಿಸಿ ಮೇಲೇರಿದರು. ದೊರೆಯ ಮೈಗೆ ಡಾಂಬರು ಬಳಿದರು. ಕಿರೀಟ, ಮೂಗು, ಒಂದು ಕಿವಿ ಜಖಂ ಆದವು. ಇಳಿದು ಹೋಗುವಾಗ ಅಲ್ಲೊಂದು ಫೋಟೊ ಬಿಟ್ಟು ಹೋದರು. ಅದು ಸುಭಾಷ್‌ಚಂದ್ರ ಬೋಸರದ್ದು. ಈ ಫೋಟೊ ಓದುಗರ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ. ಇಷ್ಟಾದ ಮೇಲೂ ದೊರೆಯನ್ನು ಕೆಳಗಿಳಿಸಲು ಸರ್ಕಾರಕ್ಕೆ 1968ರ ತನಕ ಬೇಕಾಯಿತು. ಅವನೀಗ ಊರಾಚೆಯ ಕೊರೊನೇಷನ್ ಪಾರ್ಕಿನಲ್ಲಿದ್ದಾನೆ.

ಮಂಟಪ ಖಾಲಿಯಾಗುವ ಮುಂಚಿನಿಂದಲೇ ಅಲ್ಲಿ ಗಾಂಧಿಯನ್ನು ಕೂರಿಸಬೇಕೆಂಬ ಮಾತು ಇತ್ತು. ಖಾಲಿಯಾದ ಮೇಲೆ ಅದು ಜಗಳವಾಯಿತು. ಚಕ್ರವರ್ತಿಯ ಅಳತೆಗೆ ಕಟ್ಟಿದ ಚಪ್ಪರದಡಿ ತುಂಡು ಪಂಚೆಯ ಮನುಷ್ಯನನ್ನು ತಂದಿಟ್ಟರೆ ಗೆಲುವು ಯಾರದ್ದು ಎಂದು ಕೆಲವರು ಕೇಳಿದರು. ಮಂಟಪವನ್ನೇ ಕೆಡವಿ ಎಂದವರಿದ್ದರು. ಖಾಲಿಯೇ ಇರಲಿ, ಸಾಮ್ರಾಜ್ಯ ಎದ್ದು ಹೋದದ್ದಕ್ಕೆ ಖಾಲಿ ಪೀಠಕ್ಕಿಂತ ದೊಡ್ಡ ಸಾಕ್ಷಿ ಬೇಕೆ ಎಂದವರೂ ಇದ್ದರು. ನನ್ನ ಮತ ಈ ಕೊನೆಯವರಿಗೆ. 1981ರಲ್ಲಿ ಸಂಸತ್ತಿನಲ್ಲಿ ಪ್ರಶ್ನೆ ಬಂದಾಗ, ಗಾಂಧಿ ಪ್ರತಿಮೆಯ ವಿಚಾರ ಪರಿಶೀಲನೆಯಲ್ಲಿದೆ ಎಂದು ಸರ್ಕಾರ ಉತ್ತರ ಕೊಟ್ಟಿತು. ಸರ್ಕಾರಿ ಕಚೇರಿ ಮೆಟ್ಟಿಲು ಹತ್ತಿದ ಯಾರಿಗಾದರೂ ಈ ಉತ್ತರದ ಅರ್ಥ ಗೊತ್ತು. ಗಾಂಧಿಗೆ ಮಂಟಪ ಸಿಗಲೇ ಇಲ್ಲ.

ಇನ್ನೊಂದು ಕಡೆ ನೋಡಿದರೆ, ಸಂಸತ್ತಿನ ಸೆಂಟ್ರಲ್ ಹಾಲ್‌ಗೆ ಗಾಂಧಿ ಬಹಳ ಬೇಗ ಬಂದಿದ್ದರು. ಸರ್ ಓಸ್ವಾಲ್ಡ್ ಬರ್ಲಿ ಬರೆದ ಭಾವಚಿತ್ರವನ್ನು ರಾಜೇಂದ್ರ ಪ್ರಸಾದರು ಅನಾವರಣ ಮಾಡಿದ್ದು 1947ರ ಆಗಸ್ಟ್ 28ರಂದು. ಗಾಂಧಿ ಆಗಿನ್ನೂ ಬದುಕಿದ್ದರು. ಚಿತ್ರಕ್ಕೆ ಹದಿಮೂರು ದಿನ ಸಾಕಾಯಿತು, ಅಂಗಳದ ಪ್ರತಿಮೆಗೆ ಹಿಡಿದದ್ದು ನಲವತ್ತಾರು ವರ್ಷ. ಅಷ್ಟರೊಳಗೆ ಅಂಬೇಡ್ಕರ್ ಬಂದಾಗಿತ್ತು, ಬಿ.ವಿ. ವಾಘ್ ಮಾಡಿದ, ತೋರುಬೆರಳೆತ್ತಿ ನಿಂತ ಅವರ ಕಂಚಿನ ಪ್ರತಿಮೆಯನ್ನು ರಾಷ್ಟ್ರಪತಿ ರಾಧಾಕೃಷ್ಣನ್ 1967ರ ಏಪ್ರಿಲ್ 2ರಂದು ಅನಾವರಣಗೊಳಿಸಿದ್ದರು.

ಗಾಂಧಿಯನ್ನು ಮಾಡಿದವರು ರಾಮ್ ವಿ. ಸುತಾರ್. ಮಹಾರಾಷ್ಟ್ರದ ಧುಳೆ ಜಿಲ್ಲೆಯ ಗೊಂದೂರು ಎಂಬ ಹಳ್ಳಿಯ ಬಡಗಿಯ ಮಗ, ಹುಟ್ಟಿದ್ದು 1925ರಲ್ಲಿ. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಐವತ್ತರ ದಶಕದಲ್ಲಿ ಪುರಾತತ್ವ ಇಲಾಖೆಯ ಕೆಲಸದಲ್ಲಿ ಅಜಂತಾ, ಎಲ್ಲೋರಾಗಳ ಒಡೆದ ಶಿಲ್ಪಗಳನ್ನು ಸರಿಪಡಿಸಿದರು. ಆಮೇಲೆ ದೆಹಲಿ ಸೇರಿ ಸರ್ಕಾರಿ ನೌಕರಿ ಬಿಟ್ಟು ಸ್ವಂತ ಕೆಲಸ ಹಿಡಿದರು. ಅವರ ಗಾಂಧಿ ತಲೆಯ ಪ್ರತಿಮೆಗಳು ಎಷ್ಟೋ ದೇಶಗಳಿಗೆ ಹೋದವು. ನರ್ಮದೆಯ ದಡದ 182 ಮೀಟರಿನ ಪಟೇಲರು ಅವರ ವಿನ್ಯಾಸ. ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಇಳಿದವರಿಗೆ ಕಾಣುವ 108 ಅಡಿಯ ಕೆಂಪೇಗೌಡರೂ ಅವರ ಕೈಯವರೇ. ಇಷ್ಟು ಎತ್ತರದ ಪ್ರತಿಮೆ ಮಾಡಿದವರ ಕೆಲಸಗಳಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಈ ಹದಿನಾರು ಅಡಿಯದ್ದು. ಪಟೇಲರನ್ನು ನೋಡುವಾಗ ಕತ್ತು ನೋಯುತ್ತದೆ. ಈ ಗಾಂಧಿಯ ಎದುರು ಹಾಗಲ್ಲ, ನಾವೂ ಕೂತುಬಿಡಬಹುದು.

ಕಂಚಿನ ಪ್ರತಿಮೆ ಕಲ್ಲಿನದ್ದರ ಹಾಗೆ ಕೆತ್ತಿ ತೆಗೆಯುವುದಲ್ಲ. ಮೊದಲು ಕಬ್ಬಿಣದ ಹಂದರಕ್ಕೆ ಜೇಡಿಮಣ್ಣು ಮೆತ್ತಿ ಪೂರ್ತಿ ಅಳತೆಯ ಆಕೃತಿ ಎಬ್ಬಿಸುತ್ತಾರೆ. ಶಿಲ್ಪಿಯ ಬೆರಳು ಆಡುವುದು ಈ ಮಣ್ಣಿನ ಮೇಲೆ. ಅದರಿಂದ ಪ್ಲಾಸ್ಟರ್ ಅಚ್ಚು ತೆಗೆದು, ತುಂಡು ತುಂಡಾಗಿ ಎರಕ ಹೊಯ್ಯುತ್ತಾರೆ. ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವ ಮಿಶ್ರಣದಲ್ಲಿ ನೂರಕ್ಕೆ 85 ಪಾಲು ತಾಮ್ರ, ಉಳಿದದ್ದು ತವರ, ಸತು, ಸೀಸ. ತುಂಡುಗಳನ್ನು ಬೆಸೆದು, ಬೆಸುಗೆ ಕಾಣದಂತೆ ಉಜ್ಜಿ, ರಸಾಯನ ಹಚ್ಚಿ ಬಣ್ಣ ಕಟ್ಟುತ್ತಾರೆ. ಒಳಗೆಲ್ಲ ಟೊಳ್ಳು. ಅಖಂಡ ಕಲ್ಲಿನ ಮೂರ್ತಿಗೆ ಹೋಲಿಸಿದರೆ ಹಗುರ, ಸಾಗಿಸುವುದು ಸುಲಭ. ಈ ಗಾಂಧಿಯ ಪಾಲಿಗೆ ಈ ಗುಣ ಒಳ್ಳೆಯದಾಗಲಿಲ್ಲ.

1993ರ ಅಕ್ಟೋಬರ್ 2ರಂದು ರಾಷ್ಟ್ರಪತಿ ಶಂಕರ್ ದಯಾಳ್ ಶರ್ಮ ಅನಾವರಣ ಮಾಡಿದರು. ನರಸಿಂಹ ರಾವ್ ಪ್ರಧಾನಿಯಾಗಿದ್ದ ಕಾಲ. ಸಮಾರಂಭದ ಬಗ್ಗೆ ಹೆಚ್ಚು ಹೇಳುವಂಥದ್ದು ಏನಿಲ್ಲ. ಹಾರ, ಭಜನೆ, ಭಾಷಣಗಳ ಅಕ್ಟೋಬರ್ ಎರಡು ಎಲ್ಲ ಊರಿನಲ್ಲೂ ಒಂದೇ ಥರ. ಪ್ರತಿಮೆ ನಿಜವಾಗಿ ಅನಾವರಣಗೊಂಡದ್ದು ನಂತರದ ವರ್ಷಗಳಲ್ಲಿ. ಬೆಲೆ ಏರಿಕೆಗೆ ಒಬ್ಬರು, ಹಗರಣಕ್ಕೆ ಇನ್ನೊಬ್ಬರು, ರಾಜ್ಯಕ್ಕೆ ವಿಶೇಷ ಸ್ಥಾನಮಾನ ಬೇಕೆಂದು ಮತ್ತೊಬ್ಬರು ಫಲಕ ಹಿಡಿದು ಅದರ ಮುಂದೆ ನಿಂತರು. ನಿನ್ನೆ ಆಡಳಿತದಲ್ಲಿದ್ದು ಇದನ್ನು ನಾಟಕ ಎಂದವರು ಇವತ್ತು ವಿರೋಧ ಪಕ್ಷವಾಗಿ ಅಲ್ಲೇ ಕೂತರು. ಹೀಗೆ ಎಂದು ಯಾವ ನಿಯಮದಲ್ಲೂ ಬರೆದಿರಲಿಲ್ಲ, ಬಳಕೆಯಿಂದಲೇ ಆ ಜಾಗ ಧರಣಿಯ ಕಟ್ಟೆಯಾಯಿತು.

ಬರೆದ ನಿಯಮ ಬೇರೆಯೇ ಇತ್ತು. 2022ರ ಜುಲೈನಲ್ಲಿ ರಾಜ್ಯಸಭಾ ಸಚಿವಾಲಯ ಸುತ್ತೋಲೆ ಹೊರಡಿಸಿತು: ಸದಸ್ಯರು ಸಂಸತ್ತಿನ ಆವರಣವನ್ನು ಪ್ರದರ್ಶನ, ಧರಣಿ, ಮುಷ್ಕರ, ಉಪವಾಸಗಳಿಗೆ ಬಳಸುವಂತಿಲ್ಲ. ಇದು ವರ್ಷವರ್ಷ ಹೊರಡುವ ಮಾಮೂಲಿ ಸುತ್ತೋಲೆ ಎಂಬ ಸಮಜಾಯಿಷಿಯೂ ಬಂತು. ಅದೇ ತಿಂಗಳ 27ರಂದು ಅಮಾನತಾದ ಸಂಸದರು ಗಾಂಧಿ ಮುಂದೆ ಐವತ್ತು ಗಂಟೆಗಳ ಧರಣಿ ಹೂಡಿದರು. ಡೇರೆ ಹಾಕಲು ಅನುಮತಿ ಸಿಗಲಿಲ್ಲ, ಬಯಲಲ್ಲೇ ಮಲಗಿದರು. ಊಟದ ಸರದಿಯನ್ನು ಪಕ್ಷಗಳು ಹಂಚಿಕೊಂಡವು. ಡಿಎಂಕೆಯವರ ಪಾಲಿಗೆ ಇಡ್ಲಿ ಸಾಂಬಾರ್. ಗಾಂಧಿ ಎದುರು ತಂದೂರಿ ಕೋಳಿ ತಿಂದರೆಂದು ಬಿಜೆಪಿ ವಕ್ತಾರರೊಬ್ಬರು ಆಕ್ಷೇಪ ಎತ್ತಿದರು. ಅಮಾನತಿನ ಕಾರಣ ಹಿಂದೆ ಸರಿದು ಕೋಳಿಯ ಚರ್ಚೆ ಮುಂದೆ ಬಂತು.

ಈ ರೂಢಿ ದೆಹಲಿಗಷ್ಟೇ ಸೇರಿದ್ದಲ್ಲ. ಬೆಂಗಳೂರಿನ ವಿಧಾನಸೌಧ, ವಿಕಾಸಸೌಧಗಳ ನಡುವೆಯೂ ಧ್ಯಾನಕ್ಕೆ ಕೂತ ದೊಡ್ಡ ಕಂಚಿನ ಗಾಂಧಿ ಇದ್ದಾರೆ. 2018ರ ಮೇ 17ರಂದು ಯಡಿಯೂರಪ್ಪ ರಾಜಭವನದಲ್ಲಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದಾಗ ಕಾಂಗ್ರೆಸ್, ಜೆಡಿಎಸ್ ನಾಯಕರೂ ಶಾಸಕರೂ ಬಂದು ಕೂತದ್ದು ಆ ಗಾಂಧಿಯ ಮುಂದೆ. ಎರಡು ದಿನಕ್ಕೆ ಸರ್ಕಾರ ಬಿತ್ತು. ಪ್ರತಿಮೆಯ ಮಹಿಮೆ ಅಲ್ಲ, ಸುಪ್ರೀಂ ಕೋರ್ಟಿನ ಆದೇಶ. ಆದರೂ ಆ ದಿನದ ಚಿತ್ರ ಎಂದರೆ ನಮಗೆ ನೆನಪಾಗುವುದು ಅದೇ.

ಮತ್ತೆ ದೆಹಲಿಗೆ. 2020ರ ಡಿಸೆಂಬರ್‌ನಲ್ಲಿ ಹೊಸ ಸಂಸತ್ ಭವನಕ್ಕೆ ಅಡಿಗಲ್ಲು ಬಿತ್ತು. ಒಂದನೇ ಗೇಟಿನ ಎದುರಿಗಿದ್ದ ಗಾಂಧಿ ಕಾಮಗಾರಿಗೆ ಅಡ್ಡವಾದರು. 2021ರ ಜನವರಿಯಲ್ಲಿ ಅವರನ್ನು ಎರಡು ಮತ್ತು ಮೂರನೇ ಗೇಟುಗಳ ನಡುವೆ ತಾತ್ಕಾಲಿಕವಾಗಿ ಸರಿಸಿದರು. 2023ರ ಮೇ 28ರಂದು ಹೊಸ ಭವನ ಉದ್ಘಾಟನೆಯಾಯಿತು, ಹಳೆಯದು ಸಂವಿಧಾನ ಸದನವಾಯಿತು. ಇನ್ನು ಗಾಂಧಿ ಮೊದಲಿನ ಜಾಗಕ್ಕೆ ಬರುತ್ತಾರೆಂದುಕೊಂಡರೆ, 2024ರಲ್ಲಿ ಲೋಕಸಭಾ ಚುನಾವಣೆಯ ಫಲಿತಾಂಶದ ಗಡಿಬಿಡಿಯಲ್ಲಿ ಇನ್ನೂ ದೂರ ಹೋದರು. ಗಾಂಧಿ, ಅಂಬೇಡ್ಕರ್, ಶಿವಾಜಿ, ಜ್ಯೋತಿಬಾ ಫುಲೆ, ಬಿರ್ಸಾ ಮುಂಡಾ, ಮಹಾರಾಣಾ ಪ್ರತಾಪ್ ಎಲ್ಲರನ್ನೂ ಆವರಣದ ಒಂದು ಮೂಲೆಯಲ್ಲಿ ಒಟ್ಟಿಗೆ ನಿಲ್ಲಿಸಿ ‘ಪ್ರೇರಣಾ ಸ್ಥಳ’ ಎಂದು ಹೆಸರಿಟ್ಟರು. ಜೂನ್ 16ರಂದು ಉಪರಾಷ್ಟ್ರಪತಿ ಜಗದೀಪ್ ಧನಕರ್ ಉದ್ಘಾಟಿಸಿದರು. ಚದುರಿಕೊಂಡಿದ್ದ ಪ್ರತಿಮೆಗಳು ಸಂದರ್ಶಕರಿಗೆ ಒಂದೇ ಕಡೆ ನೋಡಲು ಸಿಗಲಿ ಎಂಬುದು ಲೋಕಸಭಾ ಸಚಿವಾಲಯ ಕೊಟ್ಟ ಕಾರಣ. ತೆಗೆದುಹಾಕಿಲ್ಲ, ಸ್ಥಳಾಂತರಿಸಿದ್ದೇವೆ ಅಷ್ಟೇ ಎಂದರು ಸ್ಪೀಕರ್ ಓಂ ಬಿರ್ಲಾ.

ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ ಎತ್ತಿದ ತಕರಾರಿಗೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ. ಸಂಸತ್ತಿನ ಆವರಣದಲ್ಲಿ ಯಾರ ಪ್ರತಿಮೆ, ಎಲ್ಲಿ ಎಂಬುದನ್ನು ನಿರ್ಧರಿಸಲು ಸಂಸದರದ್ದೇ ಒಂದು ಸಮಿತಿ ಇತ್ತು. ಅದು ಕೊನೆಯ ಬಾರಿ ಸೇರಿದ್ದು 2018ರ ಡಿಸೆಂಬರ್‌ನಲ್ಲಿ, ಹದಿನೇಳನೇ ಲೋಕಸಭೆಯಲ್ಲಿ ಅದನ್ನು ಮತ್ತೆ ರಚಿಸಲೇ ಇಲ್ಲ ಎಂಬುದು ಅವರ ಆಕ್ಷೇಪ. ಸಿಟ್ಟು ಬರುವುದು ಇಲ್ಲಿಯೇ. ಮಂಟಪದ ವಿಚಾರದಲ್ಲಿ ದಶಕಗಟ್ಟಲೆ ಜಗಳವಾಡಿ ಏನನ್ನೂ ಮಾಡದ ಹಳೆಯ ಸಂಸತ್ತು ಸೋಮಾರಿಯಿರಬಹುದು, ಜಗಳವನ್ನಾದರೂ ಆಡಿತ್ತು.

ಆ ಮಂಟಪವೂ ಈಗ ಖಾಲಿ ಇಲ್ಲ. 2022ರ ಜನವರಿ 23ರಂದು ಅಲ್ಲಿ ಸುಭಾಷರ ಬೆಳಕಿನ ಬಿಂಬ ಮೂಡಿತು. ಸೆಪ್ಟೆಂಬರ್ 8ರಂದು ಕಪ್ಪು ಗ್ರಾನೈಟಿನ 28 ಅಡಿಯ ಸುಭಾಷರೇ ಬಂದರು. ತೆಲಂಗಾಣದಿಂದ ಬಂದ 280 ಟನ್ನಿನ ಬಂಡೆಯಲ್ಲಿ ಅವರನ್ನು ಕೆತ್ತಿಸಿದವರು ನಮ್ಮ ಮೈಸೂರಿನ ಅರುಣ್ ಯೋಗಿರಾಜ್. 1965ರಲ್ಲಿ ಡಾಂಬರು ಬಳಿದವರು ಬಿಟ್ಟುಹೋದ ಫೋಟೊ 57 ವರ್ಷದ ಮೇಲೆ ಕಲ್ಲಾಯಿತು. ಅಂದಿನ ಕಾರ್ಯಕರ್ತರನ್ನು ಯಾರಾದರೂ ನೆನೆದರೇ? ಇಲ್ಲ.

2024ರ ಜೂನ್ 24ರಂದು ಹೊಸ ಲೋಕಸಭೆಯ ಮೊದಲ ದಿನ ವಿರೋಧ ಪಕ್ಷಗಳ ಸಂಸದರು ಸಂವಿಧಾನದ ಪ್ರತಿ ಹಿಡಿದು ಸೇರಿದ್ದು ಗಾಂಧಿ ಪ್ರತಿಮೆ ಮುಂಚೆ ಇದ್ದ ಜಾಗದಲ್ಲಿ. ಆಮೇಲೆ ಪ್ರತಿಭಟನೆಗಳು ಹೊಸ ಭವನದ ಮಕರ ದ್ವಾರದ ಮೆಟ್ಟಿಲಿಗೆ ಬಂದವು. ಆ ಡಿಸೆಂಬರ್ 19ರಂದು ಎರಡು ಕಡೆಯವರೂ ಅಲ್ಲೇ ಎದುರುಬದುರಾಗಿ ತಳ್ಳಾಟವಾಗಿ, ಇಬ್ಬರು ಬಿಜೆಪಿ ಸಂಸದರು ಆಸ್ಪತ್ರೆ ಸೇರಿದರು. ದ್ವಾರಗಳ ಬಳಿ ಪ್ರತಿಭಟನೆ ಕೂಡದೆಂದು ಸ್ಪೀಕರ್ ಆದೇಶವಾಯಿತು. ಬಾಗಿಲು ಹಾದುಹೋಗುವ ದಾರಿ, ಅಲ್ಲಿ ನಿಂತರೆ ಮೈಗೆ ಮೈ ತಾಗುತ್ತದೆ. ಹುಲ್ಲುಹಾಸಿನ ಮೇಲೆ ಕೂತವರನ್ನು ಯಾರೂ ತಳ್ಳುವುದಿಲ್ಲ, ಹೆಚ್ಚೆಂದರೆ ಚಹಾ ತಂದು ಕೊಡುತ್ತಾರೆ. ಈ ವ್ಯತ್ಯಾಸ ನಕ್ಷೆ ಬರೆದವರಿಗೆ ಹೊಳೆದಿರಲಿಕ್ಕಿಲ್ಲ.

ಸುತಾರ್ ಅವರು ನೂರು ವರ್ಷ ಪೂರೈಸಿ 2025ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರ ಗಾಂಧಿ ಪ್ರೇರಣಾ ಸ್ಥಳದಲ್ಲಿದ್ದಾರೆ. ದೆಹಲಿಗೆ ಹೋಗುವವರು ನಿಮ್ಮ ಸಂಸದರ ಕಚೇರಿಯಲ್ಲಿ ಕೇಳಿ ಸಂಸತ್ತಿನ ಪಾಸ್ ಮಾಡಿಸಿಕೊಂಡು ನೋಡಿ ಬನ್ನಿ. ಪಾಸ್ ಕೇಳುವಾಗಲೇ, ಪ್ರತಿಮೆಗಳ ಆ ಸಮಿತಿ ಈಗ ಇದೆಯೇ, ಇದ್ದರೆ ಕೊನೆಯ ಸಭೆ ಯಾವಾಗ ನಡೆಯಿತು ಎಂದೂ ಕೇಳಿ.